ಮೂವತ್ಮೂರನೇ ಪುಟ

ಜನವರಿ 5, ಭಾನುವಾರ

ನಾನೂ ಕೈ ಎತ್ತಿದೆ. ಅದನ್ನೇ ಮೊದಲು ಬರೆದಿಡುತ್ತೇನೆ. ನಾಳೆ ಎತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಾರದು.

ಇವತ್ತು ನಿಲಂಗಾದಲ್ಲಿ ನಮ್ಮ ವಾಚನಾಲಯ ಸೇವಕರ ಸಂಘದ ಸಭೆ. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲೂಕು ಸೇರಿ ನಲವತ್ತೊಂದು ಸದಸ್ಯರು. ಸರ್ಟಿಫಿಕೇಟು ಇರುವ ಗ್ರಂಥಪಾಲರು, ಇಲ್ಲದ ಶಿಪಾಯಿಗಳು, ಎಲ್ಲರಿಗೂ ಒಂದೇ ಸಂಘ. ಕಾರ್ಯದರ್ಶಿ ಭೀಮಾಶಂಕರ ಸರ್ ಎದ್ದು ಒಂದು ಠರಾವು ಓದಿದರು. ಕಚೇರಿ ಮರಾಠಿ, ಒಂದೇ ಉಸಿರು. ನಮಗೆ ತಿಳಿದದ್ದು ಇಷ್ಟು: ಸಂಘದ ಹೆಸರಿನಿಂದ ‘ಸೇವಕ’ ಎಂಬ ಪದ ಹೋಗುತ್ತದೆ, ಇನ್ನು ಮುಂದೆ ‘ಗ್ರಂಥಪಾಲ ಸಂಘ’.

ನನ್ನ ಪಕ್ಕದಲ್ಲಿ ಮುರುಮದ ಕಾಶೆಪ್ಪ ಕಾಕಾ ಇದ್ದರು. ಅಲ್ಲಿಯ ವಾಚನಾಲಯದಲ್ಲಿ ಮೂವತ್ತು ವರ್ಷದಿಂದ ಶಿಪಾಯಿ. ನನ್ನ ಮೊಣಕೈ ತಿವಿದು, “ಸೇವಕ ಸೇವಕ ಅಂತ ಕರಿಸ್ಕೊಂಡು ಕಿವಿ ಕಿವುಡಾಗ್ಯಾವ. ಸಾಯೂದ್ರಾಗ ಒಮ್ಮಿ ಗ್ರಂಥಪಾಲ ಅನಸ್ಕೊಂಡು ಸಾಯ್ತೀನಿ. ಎತ್ತು ತಂಗಿ, ಕೈ ಎತ್ತು!” ಎಂದರು.

ಎಲ್ಲ ಶಿಪಾಯಿಗಳ ಕೈ ಮೇಲೆದ್ದವು. ಚಪ್ಪಾಳೆ ತಟ್ಟಿದೆವು. ನಾನು ಜೋರಾಗಿ ತಟ್ಟಿದೆ.

ಚಹಾ, ಚುಡವಾ ಮುಗಿದ ಮೇಲೆ ಸರ್ ಎರಡನೇ ಹಾಳೆ ಓದಿದರು. ಹೊಸ ಹೆಸರಿನ ಸಂಘದಲ್ಲಿ ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಸದಸ್ಯತ್ವ. ಪುಸ್ತಕ ಕೊಡುವ ರಜಿಸ್ಟರು, ಮೇಜು, ಕಪಾಟಿನ ಕೀಲಿ ಗ್ರಂಥಪಾಲರ ಕೈಯಲ್ಲೇ ಇರಬೇಕು, ಶಿಪಾಯಿ ಮುಟ್ಟಬಾರದು ಎಂದು ಸಂಘ ಎಲ್ಲ ವಾಚನಾಲಯಗಳಿಗೂ ಪತ್ರ ಬರೆಯುತ್ತದೆ.

“ಮತ್ತ ನಮ್ಮ ಗತಿ ಏನ್ರಿ ಸರ?” ಎಂದರು ಕಾಶೆಪ್ಪ ಕಾಕಾ.

“ನೀವ ಕೈ ಎತ್ತೀರಲ್ಲ ಕಾಕಾ!” ಎಂದರು ಸರ್. ಮುಂದಿನ ಸಾಲಿನವರು ನಕ್ಕರು.

ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ನಾನು ಧೈರ್ಯ ಮಾಡಿ ಸರ್ ಮುಂದೆ ಹೋಗಿ ನಿಂತೆ. ನನಗೆ ಜನರ ನಡುವೆ ದನಿ ಹೊರಡುವುದಿಲ್ಲ. “ಸರ್, ನಾ...” ಎಂದೆ. ಅಷ್ಟಕ್ಕೇ ನಿಂತಿತು. ಅವರು ನನ್ನ ತಲೆಯ ಮೇಲಿಂದ ಬೇರೆಯವರನ್ನು ನೋಡುತ್ತ, “ನಿಂದೇನ ಚಿಂತಿ ಭುವನಾ? ಸಂಘ ಹೋದ್ರ ಕಸಬರಗಿ ಎಲ್ಲೂ ಹೋಗಂಗಿಲ್ಲ” ಎಂದರು. ಮತ್ತೆ ನಗು.

ನಾನೂ ನಕ್ಕೆ. ಕೈ ಎತ್ತಿದ್ದನ್ನಾದರೂ ಕ್ಷಮಿಸಿಕೊಂಡೇನು. ನಕ್ಕದ್ದನ್ನು ಕ್ಷಮಿಸಲಾರೆ.

ಸಂಘದ ನಿಯಮದಂತೆ ಹೆಸರು ಬದಲಾಗಲು ಎರಡು ಸಭೆ ಬೇಕು. ಎರಡನೆಯದು ಉದಗೀರದಲ್ಲಿ, ಫೆಬ್ರವರಿ ಹದಿನಾರಕ್ಕೆ. ನಲವತ್ತೆರಡು ದಿನ ಇವೆ.

ಜನವರಿ 6, ಸೋಮವಾರ

ವಾಚನಾಲಯಕ್ಕೆ ರಜೆ. ಅವ್ವ ಧಾಬಾಗಳಿಗೆ ಕೊಡುವ ಕಡಕ್ ರೊಟ್ಟಿ ಬಡಿಯುತ್ತಿದ್ದಾಳೆ. ಒಂದೊಂದು ಬಡಿತಕ್ಕೂ ಸರ್ ಕೆನ್ನೆಯನ್ನು ನೆನೆಸಿಕೊಂಡೆ. ನಲವತ್ತು ರೊಟ್ಟಿ ಆದವು. ಸಾಲಲಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ, ಕನ್ನಡ ಶಾಲೆಯಲ್ಲಿ. ಉಳಿದದ್ದನ್ನು ಕಾಸಾರಶಿರಸಿಯ ಬೆಳಕಿಂಡಿ ವಾಚನಾಲಯದ ಕಪಾಟುಗಳಿಂದ ಕಲಿತೆ. ಅಲ್ಲಿ ಸೇರಿ ಆರು ವರ್ಷ. ಪಟ್ಟಿಯಲ್ಲಿ ನಾನು ಶಿಪಾಯಿ. ಗ್ರಂಥಪಾಲರ ಕುರ್ಚಿ ಮೊದಲಿನಿಂದ ಖಾಲಿ. ಹಾಗಾಗಿ ಬಾಗಿಲು ತೆಗೆಯುವುದು, ಪುಸ್ತಕ ಕೊಡುವುದು, ಹರಿದದ್ದನ್ನು ಅಂಟಿಸುವುದು, ರಜಿಸ್ಟರು ಬರೆಯುವುದು ಎಲ್ಲ ನಾನೇ. ಯಾವ ಪುಸ್ತಕ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ಇದನ್ನೆಲ್ಲ ಕಲಿಸಿದವರು ಭೀಮಾಶಂಕರ ಸರ್. ಉಮರ್ಗಾದ ಜ್ಞಾನಸೋಪಾನ ವಾಚನಾಲಯದ ಗ್ರಂಥಪಾಲರು. ನಾನು ಸೇರಿದ ವರ್ಷ ಮೂರು ದಿನ ಬಂದು ಪಕ್ಕದಲ್ಲಿ ಕೂತು ಕಲಿಸಿದರು. ಪುಸ್ತಕದ ಮೊದಲ ಪುಟದಲ್ಲಿ ವಾಚನಾಲಯದ ಹೆಸರಿನ ಮುದ್ರೆ, ಅಂದರೆ ಠಸ್ಸೆ, ಒತ್ತುವುದು ಎಲ್ಲರಿಗೂ ಗೊತ್ತು. ಒಳಗೆ ಯಾರಿಗೂ ಹೇಳದ ಒಂದು ಪುಟದಲ್ಲಿ ಇನ್ನೊಂದು ಒತ್ತಬೇಕು. “ಕಳ್ಳ ಮೊದಲನೇ ಹಾಳಿ ಹರೀತಾನ. ಒಳಗಿನ ಗುಪ್ತ ಪುಟ ಅವಗ ತಿಳಿಯಂಗಿಲ್ಲ. ಇದನ್ನ ಹೇಳ್ಕೊಟ್ಟ ಮ್ಯಾಲ ನೀ ಶಿಪಾಯಿ ಅಲ್ಲ, ನಮ್ಮ ಗ್ರಂಥಪಾಲೆ” ಎಂದಿದ್ದರು. ನಮ್ಮ ವಾಚನಾಲಯಕ್ಕೆ ಮೂವತ್ಮೂರನೇ ಪುಟ ಎಂದು ಆರಿಸಿದವಳು ನಾನು.

ಆ ದಿನ ಮನೆಗೆ ಬಂದು ಅವ್ವನಿಗೆ ಹತ್ತು ಸಲ ಹೇಳಿದ್ದೆ, ಗ್ರಂಥಪಾಲೆ ಅಂದ್ರು, ಗ್ರಂಥಪಾಲೆ ಅಂದ್ರು ಅಂತ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಜನವರಿ 9, ಗುರುವಾರ

ನಮ್ಮ ವಾಚನಾಲಯದ ಅಧ್ಯಕ್ಷ ರೇವಣಪ್ಪ ಅಣ್ಣ ಒಂದು ಕಾಗದ ಹಿಡಿದುಕೊಂಡು ಬಂದರು. ಸಂಘದ ಪತ್ರ, ಭೀಮಾಶಂಕರ ಸರ್ ಸಹಿ. ಕಾಸಾರಶಿರಸಿಗೆ ಸರ್ಟಿಫಿಕೇಟು ಇರುವ ಗ್ರಂಥಪಾಲರು ಬೇಕು. ಸ್ವಪ್ನಾಲಿ ಎಂಬುವಳು ಮಾರ್ಚ್ ಒಂದರಿಂದ ಬರಲು ತಯಾರಿದ್ದಾಳೆ. ಮೇಜು, ರಜಿಸ್ಟರು, ಕೀಲಿ ಅವಳ ಕೈಗೆ ಕೊಡುವುದು.

“ಯಾರ್ರಿ ಅಣ್ಣಾ, ಈ ಸ್ವಪ್ನಾಲಿ?”

“ಭೀಮಾಶಂಕರನ ಅಣ್ಣನ ಮಗಳು. ನಾ ಏನ್ ಮಾಡ್ಲೆವ್ವಾ? ಹದಿನಾರಕ್ಕ ಉದಗೀರದಾಗ ಹೆಸರು ಪಕ್ಕಾ ಆತಂದ್ರ ನಾ ಇಲ್ಲ ಅನ್ನಾಕ ಬರಂಗಿಲ್ಲ. ನೀ ಇರು, ಕಸಾ ಹೊಡಿ, ನೀರ ತುಂಬು. ನಿನ್ನ ಯಾರು ತೆಗೀತಾರ?”

ಹೆಸರು ಯಾಕೆ ಬದಲಾಯಿತು ಎಂದು ಈಗ ಗೊತ್ತಾಯಿತು. ಒಂದು ಹುಡುಗಿಗೆ ಒಂದು ಕುರ್ಚಿ ಕೊಡಿಸಲು ಇಪ್ಪತ್ತೆರಡು ಶಿಪಾಯಿಗಳ ಕೈ ಎತ್ತಿಸಿದರು.

ಸಂಜೆ ನಾಲ್ಕಕ್ಕೆ ಮುಕ್ತಾಬಾಯಿ ಆಯಿ ಬಂದಳು, ದಿನದಂತೆ. ಅರವತ್ತು ದಾಟಿದ ಮೇಲೆ ನನ್ನ ಹತ್ತಿರ ಅಕ್ಷರ ಕಲಿತವಳು. ಮನೆಯಲ್ಲಿ ಓದಿದರೆ ಸೊಸೆ ನಗುತ್ತಾಳೆಂದು ಇಲ್ಲಿಯೇ ಕೂತು, ಬೆರಳು ಇಟ್ಟು, ಗಟ್ಟಿಯಾಗಿ ಓದುತ್ತಾಳೆ. ಒಂದು ದಪ್ಪ ಕಾದಂಬರಿ ಹಿಡಿದು ಏಳು ತಿಂಗಳಾಯಿತು. ಇವತ್ತು ಕಥೆಯಲ್ಲಿ ಮದುವೆ ಮುರಿಯಿತು. ಆಯಿ ಕಣ್ಣು ಒರೆಸಿಕೊಂಡಳು. “ಮುಂದ ಏನಾಗ್ತದ ನೀ ಹೇಳಬ್ಯಾಡ ನೋಡು, ನಾನ ಓದ್ತೀನಿ” ಎಂದಳು.

ಈ ಮೇಜಿನಲ್ಲಿ ಕೂತು ಸ್ವಪ್ನಾಲಿ ಆಯಿಗೆ ಏನು ಹೇಳಿಯಾಳು?

ಜನವರಿ 14, ಮಂಗಳವಾರ

ಸಂಕ್ರಾಂತಿ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸರ್ ಎಳ್ಳುಂಡೆಯ ಚಿತ್ರ ಹಾಕಿ ಎಲ್ಲರೂ ಸಿಹಿಯಾಗಿ ಮಾತಾಡೋಣ ಎಂದಿದ್ದಾರೆ. ಇಪ್ಪತ್ತೆರಡು ಶಿಪಾಯಿಗಳಲ್ಲಿ ಹತ್ತೊಂಬತ್ತು ಜನ ಕೈ ಮುಗಿದ ಚಿತ್ರ ಕಳಿಸಿದ್ದಾರೆ. ಒಬ್ಬೊಬ್ಬರದನ್ನೂ ಎಣಿಸಿದೆ.

ನಾನೂ ಕಳಿಸಿದೆ. ಅವರಿಗೆ ಸಂಶಯ ಬರಬಾರದು.

ಜನವರಿ 18, ಶನಿವಾರ

ಏನು ಮಾಡಬೇಕೆಂದು ಸರ್ ಅವರೇ ಹೇಳಿಕೊಟ್ಟರು, ಫೋನಿನಲ್ಲಿ.

“ಭುವನಾ, ಮೂವತ್ತಕ್ಕ ನಮ್ಮಲ್ಲಿ ತಪಾಸಣಿ ಅದ. ದರವರ್ಷದಂಗ ನಾಕು ಚೀಲ ಕಳಿಸು. ಮುರುಮದಿಂದ ಎರಡು ಕಾಶೆಪ್ಪ ನಿನ್ನ ಕಡಿಗೇ ತರ್ತಾನ. ಚೀಟಿ ನೀನ ಹಚ್ಚು, ನಿನ್ನ ಕೈ ಸಾಫ್ ಅದ.”

ಇದು ನಮ್ಮ ಕಡೆಯ ಪದ್ಧತಿ. ಸರಕಾರದ ಅನುದಾನ ಬೇಕೆಂದರೆ ತಪಾಸಣೆಯ ದಿನ ಕಪಾಟಿನಲ್ಲಿ ಇಷ್ಟು ಪುಸ್ತಕ ಇರಬೇಕು. ಇಲ್ಲದವರು ಇದ್ದವರಿಂದ ಚೀಲಗಟ್ಟಲೆ ತರಿಸಿಕೊಳ್ಳುತ್ತಾರೆ. ಪುಸ್ತಕದಲ್ಲಿ ನಮ್ಮ ಠಸ್ಸೆ ಇರುತ್ತದಲ್ಲ, ಅದರ ಮೇಲೆ ಅವರು ಮೊದಲೇ ತಮ್ಮ ಠಸ್ಸೆ ಒತ್ತಿ ಕಳಿಸಿದ ಬಿಳಿ ಚೀಟಿ ಅಂಟಿಸುವುದು. ಮೊದಲ ಪುಟದಲ್ಲಿ ಒಂದು ಚೀಟಿ, ಗುಪ್ತ ಪುಟದಲ್ಲಿ ಒಂದು. ತಪಾಸಣೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಚೀಟಿ ಬಿಡಿಸಿ ಪುಸ್ತಕ ವಾಪಸ್. ಮೈದಾದ ತೆಳು ಅಂಟು ಬೇಕು, ಬಿಗಿಯಾಗಿ ಹಿಡಿಯಬೇಕು, ಹರಿಯದೆ ಬಿಡಬೇಕು. ಅದು ನನಗೆ ಬರುತ್ತದೆ. ಆರು ವರ್ಷದಿಂದ ಉಮರ್ಗಾದ ಕಪಾಟು ತುಂಬುವವಳು ನಾನು.

“ಆತ್ರಿ ಸರ್,” ಎಂದೆ. ಆಮೇಲೆ ಒಂದು ಮಾತು ಹೇಗೋ ಬಾಯಿಗೆ ಬಂತು. “ಒಂದು ಕಾಗದ ಕೊಟ್ಟಬಿಡ್ರಿ ಸರ್. ನಾಕು ಚೀಲ ಎರವಲು ಅಂತ. ನಮ್ಮ ಅಧ್ಯಕ್ಷರು ಕೇಳ್ತಾರ.”

“ಅಬ್ಬಾ, ಎಷ್ಟು ಶಿಸ್ತು ಬಂತ ನಿನಗ!” ನಕ್ಕರು. “ಕೊಡ್ತೀನಿ ತಗೊ.”

ಫೋನಿಟ್ಟ ಮೇಲೆ ಅಂಟಿಗೆ ಮೈದಾ ಎಷ್ಟಿದೆ ಎಂದು ಡಬ್ಬಿ ತೆಗೆದು ನೋಡಿದೆ.

ಜನವರಿ 22, ಬುಧವಾರ

ಸರ್ ಕಾಗದ ಬಂತು. ಲೆಟರ್‌ಹೆಡ್ ಮೇಲೆ, ಠಸ್ಸೆ, ಸಹಿ, ದಿನಾಂಕ. ‘ವಾಚಕರ ಅನುಕೂಲಕ್ಕಾಗಿ ಪುಸ್ತಕಗಳ ನಾಲ್ಕು ಚೀಲ ತಾತ್ಕಾಲಿಕ ಎರವಲು.’ ರಜಿಸ್ಟರಿನಲ್ಲಿ ನಾಲ್ಕೂ ಚೀಲದ ಪ್ರತಿ ಪುಸ್ತಕದ ನಂಬರು ಬರೆದೆ. ನಮ್ಮ ಕಡೆಯಿಂದ ಎಲ್ಲ ಸರಿ.

ಕಾಶೆಪ್ಪ ಕಾಕಾ ಎರಡು ಚೀಲ ಹೊತ್ತು ಬಸ್ಸಿಳಿದರು. ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರು, ಬಸ್ಸು ಒಂದೂವರೆ ತಾಸು ತಡ. ಚೀಲ ಇಳಿಸಿ ಸೊಂಟ ಹಿಡಿದು ನಿಂತರು. “ಗ್ರಂಥಪಾಲ ಆಗೂದು ತಪ್ತು ತಂಗಿ, ಹಮಾಲ ಆಗೂದು ತಪ್ಪಲಿಲ್ಲ. ನಮ್ಮನ್ನ ಹೊರಗ ಹಾಕಿದಂವ ಅಂವಾ, ಅವಂದ ಚೀಲ ಹೊರಾವ ನಾ. ಎಂಥಾ ಹುಚ್ಚ ಸೂಳೇಮಗ ನೋಡು ನಾ!”

“ಮತ್ತ ಯಾಕ ತಂದ್ರಿ ಕಾಕಾ?”

“ಮೂವತ್ತ ವರ್ಷ ತಂದೀನಿ. ಕಾಲು ತಾವ ಬರ್ತಾವ.”

ಅವರ ಹತ್ತಿರ ಕಾಗದ ಇಲ್ಲ. ಕೇಳಿ ಪಡೆಯಿರಿ ಎಂದು ಹೇಳಬಹುದಿತ್ತು. ಆದರೆ ಕಾಕಾ ಬಾಯಲ್ಲಿ ಮಾತು ನಿಲ್ಲದ ಮನುಷ್ಯ. ಯಾಕೆ ಏನು ಎಂದು ಕೇಳುತ್ತಾರೆ, ಚಹಾದಂಗಡಿಯಲ್ಲಿ ಹೇಳಿಬಿಡುತ್ತಾರೆ. ಸುಮ್ಮನಾದೆ.

ಹೋಗುವಾಗ ಅವರೇ ಹೇಳಿದರು, ಈ ವರ್ಷ ತಪಾಸಣೆಗೆ ಹೊಸ ಮೇಡಂ ಬರುತ್ತಾರಂತೆ. “ಚಾ ಕುಡಿಯಂಗಿಲ್ಲಂತ. ಪುಸ್ತಕ ಕೈಯಾಗ ಹಿಡದು ಎಲ್ಲಾ ಹಾಳಿ ಫರ್ರ್ ಅಂತ ಬಿಟ್ಟ ನೋಡ್ತಾಳಂತ.”

ನೋಡಲಿ.

ಜನವರಿ 25, ಶನಿವಾರ

ಮೂರು ದಿನ ಬಾಗಿಲು ಹಾಕಿಕೊಂಡು ಚೀಟಿ ಅಂಟಿಸಿದೆ. ಆರು ಚೀಲ, ಎಂಟುನೂರ ಹನ್ನೆರಡು ಪುಸ್ತಕ. ಮೊದಲ ಪುಟದ ಠಸ್ಸೆಯ ಮೇಲೆ ಚೀಟಿ ಎಷ್ಟು ಚಂದ ಕೂತಿತೆಂದರೆ ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ. ಮೂವತ್ಮೂರನೇ ಪುಟವನ್ನು ಹಾಗೆಯೇ ಬಿಟ್ಟೆ. ನೀಲಿ ಠಸ್ಸೆ, ಅಚ್ಚಳಿಯದೆ: ಬೆಳಕಿಂಡಿ ವಾಚನಾಲಯ, ಕಾಸಾರಶಿರಸಿ. ಒಂದೊಂದು ಪುಸ್ತಕ ಮುಚ್ಚುವಾಗಲೂ ಅವರ ಮುಖ ಕಾಣಿಸುತ್ತಿತ್ತು, ಮೇಡಂ ಆ ಪುಟ ತೆರೆದ ಕ್ಷಣದ ಮುಖ. ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಮುರುಮದವರ ಗುಪ್ತ ಪುಟ ಇಪ್ಪತ್ತೈದು. ಆ ಎರಡು ಚೀಲಕ್ಕಾದರೂ ಮುಚ್ಚಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ, ಸಿಕ್ಕರೆ ಎಲ್ಲವೂ ಸಿಗಲಿ, ಅರ್ಧ ಸಿಕ್ಕರೆ ಸರ್ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಾರೆ ಎನಿಸಿತು. ಬಿಟ್ಟೆ.

ಮುಕ್ತಾಬಾಯಿ ಆಯಿ ಮೂರು ದಿನವೂ ಬಂದು ಮೆಟ್ಟಿಲ ಮೇಲೆ ಕೂತಿದ್ದಳಂತೆ. ಇವತ್ತು ಬಾಗಿಲು ಬಡಿದಳು. “ಒಳಗ ಅದೀಯಲ್ಲ ಮಗಳ, ಒಂದ ಪುಟ ಓದಿ ಹೋಗ್ತೀನಿ.” ತಪಾಸಣೆ ಕೆಲಸ ಇದೆ, ನಾಳಿದ್ದು ಬಾ ಎಂದೆ, ಬಾಗಿಲು ತೆಗೆಯದೆ. ಅವಳ ದಪ್ಪ ಕಾದಂಬರಿಯೂ ಮೂರನೇ ಚೀಲಕ್ಕೆ ಹೋಗಿತ್ತು. ಅದು ದಪ್ಪ ಇದೆ, ಕಪಾಟಿನಲ್ಲಿ ಜಾಗ ತುಂಬುತ್ತದೆ.

ಜನವರಿ 31, ಶುಕ್ರವಾರ

ಆಯಿತು!

ಕಾಶೆಪ್ಪ ಕಾಕಾ ನಿನ್ನೆ ಚೀಲಗಳ ಜೊತೆ ಉಮರ್ಗಾಕ್ಕೆ ಹೋಗಿದ್ದರು. ಇವತ್ತು ಬೆಳಗ್ಗೆ ಮೊದಲ ಬಸ್ಸಿಗೆ ಇಲ್ಲಿಗೆ ಬಂದು ಹೇಳಿದರು. ಅವರು ಹೇಳಿದಂತೆಯೇ ಬರೆಯುತ್ತೇನೆ.

“ಮೇಡಂ ಒಂದ ಪುಸ್ತಕ ತಗದ್ಳು. ಫರ್ರ್ ಅಂತ ಹಾಳಿ ಬಿಟ್ಳು. ನಡಬರಕ ಗಪ್ಪನ ನಿಂತ್ಳು. ಇನ್ನೊಂದ ತಗದ್ಳು. ಮತ್ತೊಂದ. ಆಮ್ಯಾಲ ಭೀಮಾಶಂಕರಗ ಕೇಳಿದ್ಳು ನೋಡು, ‘ಸರ್, ಕಾಸಾರಶಿರಸಿ ಊರು ನಿಮ್ಮ ಕಪಾಟಿನಾಗ ಯಾವಾಗ ಬಂತು?’ ಅಂತ!”

“ಸರ್ ಏನಂದ್ರು?”

“ಏನಂತಾನ? ನೀರ ಬೇಡಿದ. ಗ್ಲಾಸ ಹಿಡದ, ಕುಡಿಲಿಲ್ಲ. ಎಲ್ಲಾ ಪುಸ್ತಕ ನೆಲದ ಮ್ಯಾಲ ಹಾಸಿಸಿದ್ಳು. ಅವನ ಕೈಲೇ ಒಂದೊಂದ ತಗಸಿದ್ಳು. ಅವನ ಕಮಿಟಿ ಮಂದಿ ಎಲ್ಲಾ ನಿಂತ ನೋಡ್ಲಿಕತ್ತಿದ್ರು. ಸಂಜಿಕ ಅವನ್ನ ಕೆಲಸದಿಂದ ನಿಲ್ಸ್ಯಾರ.”

“ಇನ್ನೊಮ್ಮಿ ಹೇಳ್ರಿ ಕಾಕಾ. ನೀರು ಬೇಡಿದ್ದು.”

ಮೂರು ಸಲ ಹೇಳಿಸಿದೆ. ಗ್ಲಾಸು ಸ್ಟೀಲಿನದೋ ಗಾಜಿನದೋ ಎಂದೂ ಕೇಳಿದೆ. ಸ್ಟೀಲಿನದಂತೆ.

ಮೂರನೇ ಸಲ ಮುಗಿಸಿ ಕಾಕಾ ಬೆಂಚಿನ ಮೇಲೆ ಕೂತರು. ಆಮೇಲೆ, “ಮುರುಮದ ಠಸ್ಸೆನೂ ಸಿಕ್ತು ತಂಗಿ. ನಮ್ಮ ಅಧ್ಯಕ್ಷ, ಯಾರನ್ನ ಕೇಳಿ ಚೀಲ ಒಯ್ದಿದ್ದಿ, ಕಾಗದ ಎಲ್ಲದ ಅಂದ. ನಾಳಿಂದ ಬರಬ್ಯಾಡ ಅಂದ” ಎಂದರು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. “ಈ ಸಲ ಒಳಗಿನ ಪುಟಕ್ಕ ಅಂಟು ಹತ್ತಲಿಲ್ಲೇನು?”

“ಥಂಡಿ ಭಾಳ ಇತ್ತಲ್ಲ ಕಾಕಾ. ಹತ್ತಿರಲಿಕ್ಕಿಲ್ಲ.”

“ಹಂಗ ಇರ್ಬೇಕು,” ಎಂದರು. ನಂಬಿದರು.

ರೊಟ್ಟಿ ಕಟ್ಟಿ ಕೊಟ್ಟೆ. ಅವರ ಅಧ್ಯಕ್ಷ ಸಿಟ್ಟಿಳಿದ ಮೇಲೆ ತಾನೇ ಕರೆಯುತ್ತಾನೆ. ಮೂವತ್ತು ವರ್ಷದ ಮನುಷ್ಯನನ್ನು ಹಾಗೆ ಬಿಡುತ್ತಾರೆಯೇ?

ಗ್ಲಾಸು ಹಿಡಿದ, ಕುಡಿಯಲಿಲ್ಲ. ನಾನು ಅಲ್ಲಿ ಇರಬೇಕಿತ್ತು.

ಫೆಬ್ರವರಿ 4, ಮಂಗಳವಾರ

ಮೇಡಂ ನಮ್ಮಲ್ಲಿಗೂ ಬಂದರು. ಸರ್ ಕಾಗದ ಮುಂದಿಟ್ಟೆ, ರಜಿಸ್ಟರು ತೆರೆದೆ. ನಾಲ್ಕು ಚೀಲ, ನಂಬರು ನಂಬರಿಗೂ ತಾಳೆ. ಚೀಟಿ ಯಾರು ಹಚ್ಚಿದರು ಎಂದು ಕೇಳಿದರು. ನಮ್ಮಿಂದ ಹೋದಾಗ ಏನೂ ಇರಲಿಲ್ಲ ಎಂದೆ. ಕಣ್ಣು ತಗ್ಗಿಸಲಿಲ್ಲ. “ಇಷ್ಟು ರೀತಸರ ರಜಿಸ್ಟರ ನಾ ಈ ಮೂರು ತಾಲೂಕದಾಗ ಎಲ್ಲೂ ನೋಡಿಲ್ಲ” ಎಂದರು. ರೇವಣಪ್ಪ ಅಣ್ಣನ ಎದೆ ಉಬ್ಬಿತು.

“ಅಣ್ಣಾ, ಇನ್ನ ಸ್ವಪ್ನಾಲಿ?”

“ಹದಿನಾರು ಆಗ್ಲಿ ತಡಿ. ಹೆಸರು ಬಿತ್ತಂದ್ರ ಆಕಿನೂ ಬಿದ್ಲು. ಕೀಲಿ ನಿನ್ನ ಕೈಯಾಗ.”

ನಮ್ಮ ಪುಸ್ತಕಗಳು ಚೌಕಶಿ, ಅಂದರೆ ವಿಚಾರಣೆ, ಮುಗಿಯುವವರೆಗೆ ಉಮರ್ಗಾದಲ್ಲೇ ಇರುತ್ತವಂತೆ. ಕಪಾಟು ಅರ್ಧ ಖಾಲಿ. ಆಯಿ ಬಂದು ತನ್ನ ಕಾದಂಬರಿ ಎಲ್ಲಿ ಎಂದಳು. “ಬ್ಯಾರೆ ಓದು, ಎಷ್ಟು ಅವ!” ಎಂದೆ. “ಅವ್ರದ ಕತಿ ಅರ್ಧಕ್ಕ ನಿಂತದಲ್ಲ” ಎಂದಳು. ಈ ಮುದುಕಿಗೆ ಎಲ್ಲವೂ ಕಥೆ.

ಫೆಬ್ರವರಿ 8, ಶನಿವಾರ

ಸರ್ ಬಂದಿದ್ದರು.

ಮಧ್ಯಾಹ್ನ, ಯಾರೂ ಇರಲಿಲ್ಲ. ಗಡ್ಡ ಬೋಳಿಸಿರಲಿಲ್ಲ. ಓದುಗರ ಬೆಂಚಿನ ಮೇಲೆ ಕೂತರು. ನಾನು ಮೇಜಿನ ಹಿಂದೆ. ಏಳಲಿಲ್ಲ. ಆರು ವರ್ಷದಲ್ಲಿ ಅವರು ಬಂದಾಗ ನಾನು ಏಳದೇ ಇದ್ದದ್ದು ಇದೇ ಮೊದಲು. ಅದನ್ನು ಅವರು ಗಮನಿಸಲಿ ಎಂದು ಕಾದೆ. ಗಮನಿಸಿದರೋ ಇಲ್ಲವೋ.

“ನೀ ಮರಿಯಾಕಿ ಅಲ್ಲ,” ಎಂದರು. “ಮೂವತ್ಮೂರು ಬಿಟ್ಟಿ. ಬೇಕಂತ ಬಿಟ್ಟಿ.”

ನಾನು ರಜಿಸ್ಟರಿನ ಪುಟ ತಿರುವಿದೆ.

“ಕಾಗದಾನೂ ತಗೊಂಡಿ. ಛಲೋ ಕಲ್ತಿ, ಭುವನಾ. ಭಾಳ ಛಲೋ ಕಲ್ತಿ.”

ನಾನು ಕಾದದ್ದು ಇದಕ್ಕಲ್ಲ. ಬೈಯಬೇಕಿತ್ತು, ಇಲ್ಲ ಅಳಬೇಕಿತ್ತು. ಪರೀಕ್ಷೆಯ ಕಾಗದ ತಿದ್ದಿದವರಂತೆ ಮಾತಾಡಿದರು. ನನ್ನ ಸೇಡನ್ನೂ ತಾವೇ ಕಲಿಸಿದ ಪಾಠ ಮಾಡಿಕೊಂಡರು.

ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದರು. ಅವರ ಕೈಬರಹ. ಆರೂ ಚೀಲ ತಾನೇ ತರಿಸಿದ್ದು, ಕಾಶೆಪ್ಪ ಹೊತ್ತದ್ದಷ್ಟೇ, ಅವನ ತಪ್ಪಿಲ್ಲ ಎಂದು. ಸಹಿ ಹಾಕಿದ್ದರು.

“ನಂದು ಹ್ಯಾಂಗೂ ಮುಗೀತು. ಕಾಶೆಪ್ಪನ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ. ನನ್ನ ಒಬ್ಬನ ಮಾತು ಮುರುಮದವ್ರು ಕೇಳಂಗಿಲ್ಲ. ಆರೂ ಚೀಲ ಇಲ್ಲಿಂದ ಹೋದ್ವು ಅಂತ ಕೆಳಗ ನೀ ಒಂದು ಸಹಿ ಹಾಕು, ಅಂವಾ ಉಳೀತಾನ.”

ಸಹಿ ಹಾಕಿದರೆ ಆರು ಚೀಲವೂ ನನ್ನ ಕೈ ದಾಟಿ ಹೋದಂತೆ ಆಗುತ್ತದೆ. ಚೀಟಿ ಯಾರು ಹಚ್ಚಿದರೆಂದು ಮೇಡಂ ಮತ್ತೆ ಬರುತ್ತಾರೆ. ಹದಿನಾರನೇ ತಾರೀಖು ಇನ್ನೂ ಎಂಟು ದಿನ ಇದೆ. ಇದರಲ್ಲೂ ಅವರ ಆಟ ಇರಬಹುದು. ಇದ್ದೇ ಇದೆ.

“ನನ್ನ ಕಾಗದದಾಗ ನಾಕು ಚೀಲ ಅದ ಸರ್. ನನಗ ನಾಕ ಗೊತ್ತು.”

“ಭುವನಾ.”

“ಬಾಗಿಲಾ ಹಾಕೂ ಹೊತ್ತಾತ್ರಿ ಸರ್.”

ಆಗಿನ್ನೂ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅವರು ಗೋಡೆಯ ಗಡಿಯಾರ ನೋಡಿದರು, ಕಾಗದ ಮಡಚಿದರು, ಎದ್ದರು. ಅವರು ರಸ್ತೆ ತಿರುಗುವವರೆಗೆ ಕಿಟಕಿಯಲ್ಲಿ ನಿಂತು ನೋಡಿದೆ. ನಡಿಗೆಯಲ್ಲೂ ಏನೂ ಮುರಿದಂತೆ ಕಾಣಲಿಲ್ಲ.

ಕೆಲಸ ಹೋದದ್ದು ಸಾಲದು. ಸಂಘದಿಂದಲೂ ಹೋಗಬೇಕು. ನಮ್ಮನ್ನು ಕಳಿಸಲು ಹೊರಟಿದ್ದ ಬಾಗಿಲಿನಿಂದಲೇ.

ಫೆಬ್ರವರಿ 11, ಮಂಗಳವಾರ

ಸಂಘದ ನಿಯಮದ ಪುಸ್ತಕ ಒಂಬತ್ತು ಪುಟ. ಪೂರ್ತಿ ಓದಿದೆ, ಎರಡು ಸಲ. ಸಂಘದ ಹೆಸರು ಕೆಡಿಸಿದವರನ್ನು ಸಭೆ ತೆಗೆದುಹಾಕಬಹುದು, ನಿಯಮ ಏಳು. ವಾಚನಾಲಯದಲ್ಲಿ ಕೆಲಸದಲ್ಲಿ ಇದ್ದವರು ಮಾತ್ರ ಸದಸ್ಯರು, ಕಮಿಟಿ ಕೆಲಸದಿಂದ ನಿಲ್ಲಿಸಿದ್ದರೆ ಚೌಕಶಿ ಮುಗಿಯುವವರೆಗೆ ಹೆಸರು ಪಟ್ಟಿಯಲ್ಲಿ ಇರುತ್ತದೆ, ನಿಯಮ ನಾಲ್ಕು. ಭೀಮಾಶಂಕರ ಸರ್ ಹೆಸರು ಹಾಗಾಗಿ ಇನ್ನೂ ಇದೆ. ಅದನ್ನು ತೆಗೆಯಲು ನಿಯಮ ಏಳೇ ಬೇಕು.

ಇಪ್ಪತ್ತು ಶಿಪಾಯಿಗಳಿಗೆ ಫೋನು ಮಾಡಿದೆ. ಮೊದಲ ಇಬ್ಬರ ಹತ್ತಿರ ಬರೆದಿಟ್ಟುಕೊಂಡದ್ದನ್ನು ನೋಡಿ ಓದಿದೆ. ಮೂರನೆಯವರಿಂದ ಸಲೀಸಾಯಿತು. ಯೆಣೆಗೂರಿನ ಬಾಲಾಜಿ, “ಯಾರ್ ಮಾತಾಡೂದು? ಭುವನಾನಾ? ಖರೇ?” ಎಂದು ಎರಡು ಸಲ ಕೇಳಿದ.

ಕಾಶೆಪ್ಪ ಕಾಕಾ ನಾಲ್ಕು ಸಲ ಫೋನು ಮಾಡಿದ್ದರು. ಎತ್ತಲಿಲ್ಲ. ಕೆಲಸ ಬಹಳ.

ಮುಕ್ತಾಬಾಯಿ ಆಯಿ ಬರುವುದನ್ನು ಬಿಟ್ಟಿದ್ದಾಳೆ. ಮಧ್ಯಾಹ್ನ ಗದ್ದಲ ಇಲ್ಲದೆ ಬರೆಯಲು ಅನುಕೂಲ.

ಫೆಬ್ರವರಿ 16, ಭಾನುವಾರ

ಉದಗೀರದಿಂದ ಮರಳುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಮೊದಲು ಹೆಸರಿನ ಠರಾವು ಬಂತು. ಭೀಮಾಶಂಕರ ಸರ್ ಬಂದಿರಲಿಲ್ಲ, ಮಂಡಿಸುವವರೇ ಇರಲಿಲ್ಲ. ಸಂಘದ ಅಧ್ಯಕ್ಷೆ ಸುಮನಬಾಯಿ ಮೇಡಂ ಕೇಳಿದಾಗ ಪರವಾಗಿ ಐದು ಕೈ ಎದ್ದವು, ಸುತ್ತ ನೋಡಿ ಅವೂ ಇಳಿದವು. ಠರಾವು ಬಿತ್ತು. ಸೇವಕರ ಸಂಘ ಸೇವಕರ ಸಂಘವಾಗಿಯೇ ಉಳಿಯಿತು. ಕೀಲಿ ನನ್ನದು.

ಚಪ್ಪಾಳೆ ನಿಲ್ಲುವ ಮೊದಲೇ ನಾನು ಎದ್ದೆ. ನಿಯಮ ಏಳರಂತೆ ಭೀಮಾಶಂಕರರ ಸದಸ್ಯತ್ವ ತೆಗೆಯಬೇಕೆಂದು ಹೇಳಿದೆ. ಸಾವಕಾಶ ಓದಿದೆ, ಕೊನೆಯವನಿಗೂ ತಿಳಿಯುವಂತೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ.

ಆಗ ಹಿಂದಿನಿಂದ ಕಾಶೆಪ್ಪ ಕಾಕಾ ಎದ್ದರು. ಅವರು ಬಂದದ್ದು ನನಗೆ ಗೊತ್ತಿರಲಿಲ್ಲ. ಒಗೆದ ಟೋಪಿ, ಕೈಯಲ್ಲಿ ಸರ್ ಬರೆದ ಆ ಕಾಗದ.

“ಮೇಡಮ್ಮಾರ, ಅವನ್ನ ತೆಗೀಬ್ಯಾಡ್ರಿ. ಅಂವಾ ಮಾಡಿದ್ದು ತಪ್ಪ ಅದ, ನನ್ನ ಮನೀಗಿ ಬಂದು ಒಪ್ಕೊಂಡಾನ. ಆರು ಚೀಲದ್ದು ಎಲ್ಲಾ ಖರೇ ಖರೇ ಬರದ ಕೊಟ್ಟಾನ. ಓದ್ತೀನಿ, ಒಂದೀಟು ಕೇಳ್ರಿ.” ಚಸ್ಮಾ ಹುಡುಕಲು ಜೇಬಿಗೆ ಕೈ ಹಾಕಿದರು.

ಆರು ಚೀಲ ಎಂದ ಕೂಡಲೇ ಮುಂದಿನ ಸಾಲಿನವರು ತಿರುಗಿ ನೋಡಿದರು.

“ಅಧ್ಯಕ್ಷರೇ,” ಎಂದೆ. “ಕಾಶೆಪ್ಪ ಕಾಕಾ ಈಗ ಯಾವ ವಾಚನಾಲಯದಾಗೂ ಕೆಲಸಕ್ಕಿಲ್ಲ. ಅವರನ್ನ ನಿಲ್ಲಿಸಿಲ್ಲ, ತೆಗದ್ಯಾರ. ನಿಯಮ ನಾಕರ ಪ್ರಕಾರ ಅವರು ಸದಸ್ಯರಲ್ಲ. ಸದಸ್ಯರಲ್ಲದವರು ಸಭಾದಾಗ ಮಾತಾಡಂಗಿಲ್ಲ.”

ಸುಮನಬಾಯಿ ಮೇಡಂ ನಿಯಮದ ಪುಸ್ತಕ ತಿರುವಿದರು. “ಹೌದೇನ್ರಿ ಕಾಶೆಪ್ಪ? ತೆಗದ್ಯಾರ?”

“ಹೌದ್ರಿ. ಹದಿನಾರ ದಿನ ಆತು.” ಚಸ್ಮಾ ಸಿಕ್ಕಿತ್ತು, ಹಾಕಿಕೊಂಡಿದ್ದರು. ಅದರೊಳಗಿಂದ ನನ್ನನ್ನೇ ನೋಡಿದರು. “ಸುಮ್ಮ ಕುಂದರ್ಲೇನು ತಂಗಿ? ಹೊರಗ ಹೋಗ್ಲಿ?”

“ಹೊರಗ ಚಾ ಇಟ್ಟಾರ ಕಾಕಾ.”

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡರು. ಸಾಲಿನ ಮಧ್ಯದಿಂದ ಹೋಗುವಾಗ ಯಾರ ಮೊಣಕಾಲಿಗೂ ತಾಗದಂತೆ ಪಕ್ಕಕ್ಕೆ ತಿರುಗಿ ತಿರುಗಿ ಹೋದರು. ಅವರ ಹಿಂದೆ ಬಾಗಿಲು ಮುಚ್ಚಿದವನು ಬಾಲಾಜಿ.

ಮೂವತ್ತೊಂದು ಕೈ ಎದ್ದವು. ನಾನೇ ಎಣಿಸಿದೆ. ಭೀಮಾಶಂಕರ ಸರ್ ಹೋದರು. ಉಳಿದ ಅವಧಿಗೆ ಕಾರ್ಯದರ್ಶಿ ಯಾರು ಎಂದಾಗ ಬಾಲಾಜಿ ನನ್ನ ಹೆಸರು ಹೇಳಿದ, ಯಾರೂ ಬೇರೆ ಹೆಸರು ಹೇಳಲಿಲ್ಲ.

ಸಭೆ ಮುಗಿದ ಮೇಲೆ ಸುಮನಬಾಯಿ ಮೇಡಂ ನನ್ನ ಬೆನ್ನ ಮೇಲೆ ಕೈ ಇಟ್ಟು, “ನೀ ಇಷ್ಟ ವರ್ಷ ಎಲ್ಲಿದ್ದಿ? ನಿನ್ನ ದನಿ ಕಡೀ ಸಾಲಿನ ತನಾ ಕೇಳಿಸ್ತು ನೋಡು” ಎಂದರು.

ಬಸ್ಸು ಹತ್ತಿದಾಗಿನಿಂದ ಆ ಮಾತನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಕೊನೆಯ ಸಾಲಿನವರೆಗೆ. ಬಾಗಿಲ ಆಚೆಗೂ ಕೇಳಿಸಿರಬೇಕು.